ಹಕ್ಕಿಯ ಕಾಲಿಗೆ ಕಟ್ಟಿದ ಚೀಟಿ

ಫಾರೆಸ್ಟ್ ಔಲೆಟ್ ಅಂತ ಒಂದು ಪುಟ್ಟ ಗೂಬೆ ಇದೆ. ಮಧ್ಯ ಭಾರತದ ಕಾಡುಗಳ ಹಕ್ಕಿ. 1872ರಲ್ಲಿ ಇದರ ಮೊದಲ ಮಾದರಿ ಸಿಕ್ಕಿತು, ಮರುವರ್ಷ ವೈಜ್ಞಾನಿಕ ಹೆಸರೂ ಬಂತು. ಆಮೇಲೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಮಾತ್ರ. ಇಪ್ಪತ್ತನೇ ಶತಮಾನದಲ್ಲಿ ಹಲವರು ಇದನ್ನು ಹುಡುಕಿ ಬರಿಗೈಯಲ್ಲಿ ವಾಪಸಾದರು. ಈ ಗೂಬೆಯ ಕಥೆ ಮುಗಿಯಿತು ಅಂತಲೇ ಎಷ್ಟೋ ಜನ ಅಂದುಕೊಂಡಿದ್ದರು.

ಹುಡುಕಲು ಹೊರಟವರ ಕೈಯಲ್ಲಿ ಇದ್ದ ಸುಳಿವುಗಳಲ್ಲಿ ಎಲ್ಲಕ್ಕಿಂತ ಹೊಸದು 1914ರದ್ದು. ಬ್ರಿಟನ್ನಿನ ಮ್ಯೂಸಿಯಂ ಒಂದರ ಡ್ರಾಯರಿನಲ್ಲಿ ಈ ಗೂಬೆಯ ಒಂದು ಚರ್ಮ, ಅಂದರೆ ಸುಲಿದು ಹತ್ತಿ ತುಂಬಿಟ್ಟ ಹಕ್ಕಿ, ಇತ್ತು. ಅದರ ಕಾಲಿಗೆ ಕಟ್ಟಿದ ಚೀಟಿಯಲ್ಲಿ ಗುಜರಾತಿನ ಮಾಂಡ್ವಿ ಎಂಬ ಜಾಗದ ಹೆಸರು, 1914ರ ಅಕ್ಟೋಬರ್ ತಾರೀಕು, ಸಂಗ್ರಹಿಸಿದವರು ರಿಚರ್ಡ್ ಮೈನರ್ಟ್ಸಹಾಗನ್ ಅಂತ ಇತ್ತು. ಅವರು ಸೇನಾಧಿಕಾರಿ, ಹೆಸರುವಾಸಿ ಪಕ್ಷಿತಜ್ಞ. ಚೀಟಿಯನ್ನು ನಂಬಿದ್ದಾಯಿತು. ಹಾಗಾಗಿ ಹುಡುಕುವವರು ಮಾಂಡ್ವಿಯ ಕಡೆಗೂ ಹೋದರು. ಅಲ್ಲಿ ಗೂಬೆ ಇರಲಿಲ್ಲ.

1990ರ ದಶಕದಲ್ಲಿ ಪಮೇಲಾ ರಾಸ್ಮುಸೆನ್ ಎಂಬ ಅಮೆರಿಕದ ಪಕ್ಷಿವಿಜ್ಞಾನಿ ಆ ಚರ್ಮವನ್ನು ಮತ್ತೆ ಕೈಗೆತ್ತಿಕೊಂಡರು. ಎಕ್ಸ್‌ರೇ ತೆಗೆಸಿದರು, ಒಳಗೆ ತುಂಬಿದ್ದ ಹತ್ತಿಯನ್ನು ಪರೀಕ್ಷಿಸಿದರು. ಹಕ್ಕಿಯನ್ನು ಒಮ್ಮೆ ಬಿಚ್ಚಿ, ಮತ್ತೆ ತುಂಬಿ ಹೊಲಿದ ಗುರುತುಗಳು ಕಂಡವು. ಮೂಲದಲ್ಲಿ ಚರ್ಮ ಸುಲಿದು ಕೂರಿಸಿದ ಕ್ರಮ ಬೇರೊಬ್ಬರದ್ದು. 1880ರ ದಶಕದಲ್ಲಿ ಈಗಿನ ಮಹಾರಾಷ್ಟ್ರದ ಖಾನ್‌ದೇಶದಲ್ಲಿದ್ದ ಜೇಮ್ಸ್ ಡೇವಿಡ್‌ಸನ್ ಎಂಬ ಅಧಿಕಾರಿಯದ್ದು. ಅಂದರೆ ಡೇವಿಡ್‌ಸನ್‌ಗೆ ಯಾವಾಗಲೋ ಸಿಕ್ಕಿದ ಹಕ್ಕಿಯನ್ನು ಮೈನರ್ಟ್ಸಹಾಗನ್ ಕದ್ದು, ಹಳೆಯ ಚೀಟಿ ಕಿತ್ತು, ಹೊಸ ಚೀಟಿ ಕಟ್ಟಿದ್ದರು. ಮಾಂಡ್ವಿಯ ಆ ದಾಖಲೆ ಶುದ್ಧ ಸುಳ್ಳು.

ಸುಳ್ಳನ್ನು ಪಕ್ಕಕ್ಕಿಟ್ಟ ಮೇಲೆ ಉಳಿದದ್ದು ಹತ್ತೊಂಬತ್ತನೇ ಶತಮಾನದ ನಿಜವಾದ ಚೀಟಿಗಳು. ರಾಸ್ಮುಸೆನ್ ಮತ್ತು ಜೊತೆಗಾರರು ಅವು ಹೇಳಿದ ಜಾಗಗಳಿಗೆ ಹೋದರು. 1997ರ ನವೆಂಬರ್‌ನಲ್ಲಿ, ಮಹಾರಾಷ್ಟ್ರದ ಶಹಾದಾ ಹತ್ತಿರದ ಕಾಡಿನಲ್ಲಿ, ಹಾಡಹಗಲೇ ಒಂದು ಮರದ ಮೇಲೆ ಫಾರೆಸ್ಟ್ ಔಲೆಟ್ ಕೂತಿತ್ತು. ಅದನ್ನು ಕೊನೆಯದಾಗಿ ನಿಜವಾಗಿ ಕಂಡ ದಾಖಲೆ ಇದ್ದದ್ದು 1884ರಲ್ಲಿ. ನಡುವೆ ಹೋದದ್ದು 113 ವರ್ಷ.

ಮೈನರ್ಟ್ಸಹಾಗನ್ ಮಾಡಿದ್ದು ಇದೊಂದೇ ಅಲ್ಲ. ರಾಸ್ಮುಸೆನ್ ಮತ್ತು ಬ್ರಿಟನ್ನಿನ ರಾಬರ್ಟ್ ಪ್ರಿಸ್-ಜೋನ್ಸ್ ಸೇರಿ ಅವರ ಸಂಗ್ರಹವನ್ನು ಜಾಲಾಡಿದಾಗ ಇಂಥ ಮೋಸ ಸಾಲುಸಾಲಾಗಿ ಹೊರಬಂತು. ಈ ಕೆಲಸ ಹೇಗೆ ಸಾಧ್ಯವಾಯಿತು ಅನ್ನುವುದೇ ನನಗೆ ಈ ಕಥೆಯ ಮುಖ್ಯ ಭಾಗ. ಹಕ್ಕಿಗಳನ್ನು ನೋಡಿದ್ದರಿಂದ ಅರ್ಧ ಕೆಲಸವಷ್ಟೇ ಆಯಿತು. ಉಳಿದರ್ಧ ಆದದ್ದು ಹಳೆಯ ರಿಜಿಸ್ಟರುಗಳಿಂದ. ಮ್ಯೂಸಿಯಂಗೆ ಯಾವ ವರ್ಷ ಯಾರಿಂದ ಯಾವ ಹಕ್ಕಿ ಬಂತು ಅಂತ ಗುಮಾಸ್ತರು ಸಾಲು ಸಾಲಾಗಿ ಬರೆದಿಟ್ಟಿದ್ದರು. ರಿಜಿಸ್ಟರಿನಲ್ಲಿ ಇರುವ ಹಕ್ಕಿ ಡ್ರಾಯರಿನಲ್ಲಿ ಇಲ್ಲ. ಅದೇ ಜಾತಿಯ, ಅದೇ ಬಗೆಯಲ್ಲಿ ಸುಲಿದ ಹಕ್ಕಿ ಇನ್ನೊಬ್ಬರ ಹೆಸರಿನಲ್ಲಿ ಪಕ್ಕದಲ್ಲೇ ಇದೆ. ಆ ಗುಮಾಸ್ತರಿಗೆ ತಾವು ಬರೆದದ್ದು ನೂರು ವರ್ಷ ಆದ ಮೇಲೆ ಒಬ್ಬ ಕಳ್ಳನನ್ನು ಹಿಡಿಯುತ್ತದೆ ಅಂತ ಗೊತ್ತಿರಲು ಸಾಧ್ಯವೇ ಇಲ್ಲ.

ಇಂಥ ರಿಜಿಸ್ಟರುಗಳನ್ನು, ಸಂಗ್ರಹಕಾರರು ಕಾಡಿನಲ್ಲೇ ಟಿಪ್ಪಣಿ ಬರೆದ ಫೀಲ್ಡ್ ಪುಸ್ತಕಗಳನ್ನು, ಪತ್ರಗಳನ್ನು, ನಕ್ಷೆಗಳನ್ನು, ಫೋಟೋಗಳನ್ನು ಕಾಪಾಡುವವರು ಮ್ಯೂಸಿಯಂನ ಆರ್ಕೈವಿಸ್ಟ್‌ಗಳು. ಜನ ನೋಡಲು ಬರುವುದು ಡೈನೋಸಾರ್ ಮೂಳೆಗಳನ್ನು, ತಿಮಿಂಗಿಲದ ಅಸ್ಥಿಪಂಜರವನ್ನು. ಅವುಗಳ ಹಿಂದೆ ಬೀಗ ಹಾಕಿದ ಕಪಾಟುಗಳಲ್ಲಿ ಇರುವುದು ಎಷ್ಟೋ ಜಾಸ್ತಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಬಳಿ ಸುಮಾರು 8 ಕೋಟಿ ಮಾದರಿಗಳಿವೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿ 14 ಕೋಟಿಗೂ ಮೀರಿ. ಇಷ್ಟು ಕೋಟಿ ವಸ್ತುಗಳಲ್ಲಿ ಪ್ರತಿಯೊಂದೂ ವಿಜ್ಞಾನಕ್ಕೆ ಸಾಕ್ಷಿ ಆಗುವುದು ಅದರ ಜೊತೆ ಕಾಗದ ಇದ್ದರೆ ಮಾತ್ರ. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರಿಗೆ ಸಿಕ್ಕಿತು. ಈ ಮೂರು ಗೊತ್ತಿಲ್ಲದ ಹಕ್ಕಿ ಎಷ್ಟೇ ಚೆನ್ನಾಗಿದ್ದರೂ ಸುಮ್ನೆ ಒಂದು ಸತ್ತ ಹಕ್ಕಿ.

ಒಂದು ಚೀಟಿಯನ್ನು ಹತ್ತಿರದಿಂದ ನೋಡೋಣ. ಹೆಬ್ಬೆರಳಿನಷ್ಟು ಉದ್ದದ ದಪ್ಪ ಕಾಗದ, ತುದಿಯಲ್ಲಿ ತೂತು, ಅದರಲ್ಲಿ ದಾರ. ಒಂದು ಕಡೆ 5.vi.12 ಅಂತ ಇದೆ ಅಂದುಕೊಳ್ಳಿ. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವುದು ಸಂಗ್ರಹಕಾರರ ಹಳೆಯ ರೂಢಿ. ದಿನ ಯಾವುದು, ತಿಂಗಳು ಯಾವುದು ಅನ್ನುವ ಗೊಂದಲ ಇದರಿಂದ ತಪ್ಪುತ್ತದೆ. ಆದರೆ 12 ಅಂದರೆ 1812ರೋ 1912ರೋ? ಕಾಗದದ ಬಗೆ, ಶಾಯಿ, ಕೈಬರಹ ನೋಡಿ ಹೇಳಬೇಕು. ರಷ್ಯಾದ ಸಂಗ್ರಹಕಾರರ ಚೀಟಿಯಾಗಿದ್ದರೆ ಇನ್ನೊಂದು ತೊಡಕು. 1918ರವರೆಗೆ ಅಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್ ಇತ್ತು, ತಾರೀಕು ಹತ್ತೊಂಬತ್ತನೇ ಶತಮಾನದಲ್ಲಿ ಹನ್ನೆರಡು, ಇಪ್ಪತ್ತನೇ ಶತಮಾನದಲ್ಲಿ ಹದಿಮೂರು ದಿನ ಹಿಂದೆ ಬೀಳುತ್ತದೆ. ವಲಸೆ ಹಕ್ಕಿಯ ವಿಷಯದಲ್ಲಿ ಅಷ್ಟು ದಿನ ಸಣ್ಣ ವ್ಯತ್ಯಾಸವಲ್ಲ.

ಚೀಟಿಯಲ್ಲಿ ಎರಡು ನಂಬರ್ ಇರಬಹುದು. ಒಂದು ಸಂಗ್ರಹಕಾರ ಕಾಡಿನಲ್ಲಿ ಕೊಟ್ಟದ್ದು. ಅದು ಅವರ ಫೀಲ್ಡ್ ಪುಸ್ತಕದ ಯಾವುದೋ ಪುಟಕ್ಕೆ ಕರೆದುಕೊಂಡು ಹೋಗುತ್ತದೆ. ಇನ್ನೊಂದು ಮ್ಯೂಸಿಯಂ ಕೊಟ್ಟದ್ದು. ಲಂಡನ್ನಿನ ಹಳೆಯ ಕ್ರಮದಲ್ಲಿ ಈ ನಂಬರೇ ಒಂದು ತಾರೀಕು: ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಕೊನೆಗೆ ಆ ದಿನ ದಾಖಲಾದ ವಸ್ತುಗಳಲ್ಲಿ ಇದು ಎಷ್ಟನೆಯದು ಅಂತ. ರಿಜಿಸ್ಟರ್ ತೆಗೆದರೆ ಅದರ ಜೊತೆ ಬಂದ ಉಳಿದವೂ ಸಿಗುತ್ತವೆ. ಚೀಟಿಯಲ್ಲಿ ಅಳಿಸಿಹೋದ ಊರಿನ ಹೆಸರು ಅದೇ ದಿನದ ಇನ್ನೊಂದು ಸಾಲಿನಲ್ಲಿ ಉಳಿದಿರಬಹುದು. ಆದ್ದರಿಂದಲೇ ಮ್ಯೂಸಿಯಂಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಹೊಸ ಲೇಬಲ್ ಬೇಕಾದರೆ ಕಟ್ಟಿ, ಹಳೆಯದನ್ನು ಮಾತ್ರ ತೆಗೆಯಬೇಡಿ.

ಈ ನಿಯಮ ಎಷ್ಟು ಮುಖ್ಯ ಅನ್ನುವುದಕ್ಕೆ ಡಾರ್ವಿನ್ನರ ಫಿಂಚ್‌ಗಳೇ ಸಾಕ್ಷಿ. 1835ರಲ್ಲಿ ಗ್ಯಾಲಪಗೋಸ್ ದ್ವೀಪಗಳಲ್ಲಿ ಡಾರ್ವಿನ್ ಈ ಪುಟ್ಟ ಹಕ್ಕಿಗಳನ್ನು ಸಂಗ್ರಹಿಸಿದರು. ಆದರೆ ಬಹುಪಾಲು ಫಿಂಚ್‌ಗಳಿಗೆ ಯಾವ ದ್ವೀಪದ್ದು ಅಂತ ಬರೆಯಲಿಲ್ಲ. ಕೂಗಳತೆಯ ದ್ವೀಪಗಳಲ್ಲಿ ಬೇರೆ ಬೇರೆ ಜಾತಿಗಳು ಇರಬಹುದು ಅಂತ ಆಗ ಅವರಿಗೆ ಹೊಳೆದಿರಲಿಲ್ಲ. 1837ರಲ್ಲಿ ಲಂಡನ್ನಿನಲ್ಲಿ ಪಕ್ಷಿತಜ್ಞ ಜಾನ್ ಗೂಲ್ಡ್ ಇವೆಲ್ಲ ಹತ್ತಿರದ ನೆಂಟರು, ಆದರೆ ಬೇರೆ ಬೇರೆ ಜಾತಿಗಳು ಅಂತ ಹೇಳಿದಾಗ ದ್ವೀಪದ ಹೆಸರು ಎಲ್ಲಕ್ಕಿಂತ ಮುಖ್ಯವಾಯಿತು. ಅದೇ ಇರಲಿಲ್ಲ. ಡಾರ್ವಿನ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ಇತರ ಜೊತೆಗಾರರ ಸಂಗ್ರಹ ನೋಡಬೇಕಾಯಿತು. ಅವರು ದ್ವೀಪದ ಹೆಸರು ಬರೆದುಕೊಂಡಿದ್ದರು! ಆಮೇಲೆ ಡಾರ್ವಿನ್ನರ ಹಕ್ಕಿಗಳು ಕೈ ಬದಲಾಯಿಸಿದಾಗ ಮೂಲ ಚೀಟಿಗಳನ್ನು ತೆಗೆದು ಬೇರೆ ಚೀಟಿ ಹಾಕಿದರು. ವಿಜ್ಞಾನದ ಇತಿಹಾಸಕಾರ ಫ್ರಾಂಕ್ ಸಲೋವೇ 1982ರಲ್ಲಿ ಈ ಎಳೆಗಳನ್ನೆಲ್ಲ ಬಿಡಿಸಿ ತೋರಿಸುವ ಹೊತ್ತಿಗೆ ನೂರೈವತ್ತು ವರ್ಷದ ಸಿಕ್ಕು ಬೆಳೆದಿತ್ತು. ಬಿಡಿಸಲು ಅವರು ನೆಚ್ಚಿಕೊಂಡದ್ದು ಹಳೆಯ ಟಿಪ್ಪಣಿಗಳನ್ನು, ಪತ್ರಗಳನ್ನು, ಕ್ಯಾಟಲಾಗುಗಳನ್ನು.

ಇದಕ್ಕೆ ತೀರಾ ಎದುರಾದ ಉದಾಹರಣೆಯೂ ಇದೆ, ನನಗೆ ತುಂಬ ಇಷ್ಟವಾದದ್ದು. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ 1908ರಲ್ಲಿ ಶುರುವಾದ ಕಶೇರುಕ ಪ್ರಾಣಿಗಳ ಮ್ಯೂಸಿಯಂಗೆ ಜೋಸೆಫ್ ಗ್ರಿನ್ನೆಲ್ ಮೊದಲ ನಿರ್ದೇಶಕರು. ಟಿಪ್ಪಣಿಯ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಒಳ್ಳೆಯ ಕಾಗದ, ಅಳಿಯದ ಶಾಯಿ, ಅವತ್ತಿನದು ಅವತ್ತೇ ಬರೆಯಬೇಕು. ಏನು ಸಿಕ್ಕಿತು ಅಷ್ಟೇ ಅಲ್ಲ, ಎಲ್ಲಿ ಎಷ್ಟು ಬೋನು ಇಟ್ಟೆವು, ಎಷ್ಟು ರಾತ್ರಿ ಇಟ್ಟೆವು ಅನ್ನುವುದನ್ನೂ ಬರೆಸಿದರು. ಇದರಿಂದ ಏನಾಯಿತು? ಯಾವುದೋ ಇಲಿ ಅಲ್ಲಿ ಸಿಗಲಿಲ್ಲ ಅನ್ನುವ ಮಾತಿಗೂ ತೂಕ ಬಂತು. ಹುಡುಕಿದ್ದೇ ಇಲ್ಲವೋ, ಹುಡುಕಿಯೂ ಸಿಗಲಿಲ್ಲವೋ ಅನ್ನುವ ವ್ಯತ್ಯಾಸ ಕಾಗದದಲ್ಲಿ ಉಳಿಯಿತು. ತಮ್ಮ ಸಂಗ್ರಹದ ನಿಜವಾದ ಬೆಲೆ ಗೊತ್ತಾಗಲು ನೂರು ವರ್ಷವೇ ಬೇಕಾಗಬಹುದು ಅಂತ ಗ್ರಿನ್ನೆಲ್ 1910ರಲ್ಲೇ ಬರೆದಿದ್ದರು.

2003ರಿಂದ ಅದೇ ಮ್ಯೂಸಿಯಂನ ವಿಜ್ಞಾನಿಗಳು ಆ ಪುಸ್ತಕಗಳನ್ನು ಹಿಡಿದು, ಅದೇ ಜಾಗಗಳಿಗೆ ಮತ್ತೆ ಹೋದರು. ಯೋಸೆಮಿಟಿ ಬೆಟ್ಟಗಳಲ್ಲಿ 28 ಜಾತಿಯ ಸಣ್ಣ ಸಸ್ತನಿಗಳನ್ನು ಹೋಲಿಸಿ ನೋಡಿದರು. ಅವುಗಳಲ್ಲಿ ಅರ್ಧದಷ್ಟು ತಮ್ಮ ನೆಲೆಯನ್ನು ಸರಾಸರಿ ಸುಮಾರು 500 ಮೀಟರ್ ಮೇಲಕ್ಕೆ ಬದಲಾಯಿಸಿಕೊಂಡಿದ್ದವು. ಅಷ್ಟು ವರ್ಷಗಳಲ್ಲಿ ಅಲ್ಲಿನ ರಾತ್ರಿಯ ಕನಿಷ್ಠ ತಾಪಮಾನ ಸುಮಾರು 3 ಡಿಗ್ರಿ ಏರಿತ್ತು. 2008ರಲ್ಲಿ ಇದು ಪ್ರಕಟವಾದಾಗ ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಗಟ್ಟಿ ಪುರಾವೆಯಾಯಿತು. ಗ್ರಿನ್ನೆಲ್ ತೀರಿಕೊಂಡದ್ದು 1939ರಲ್ಲಿ. ಭೂಮಿ ಬಿಸಿಯಾಗುವ ಪ್ರಶ್ನೆಗೆ ಅಂತ ಅವರು ಒಂದು ಸಾಲೂ ಬರೆದವರಲ್ಲ.

ಮೊಟ್ಟೆಗಳ ಕಥೆಯೂ ಹೀಗೆಯೇ. ಹಕ್ಕಿ ಮೊಟ್ಟೆ ಕೂಡಿಡುವುದು ಬ್ರಿಟನ್ನಿನಲ್ಲಿ ಒಂದು ಕಾಲದ ದೊಡ್ಡ ಹವ್ಯಾಸ. ಹವ್ಯಾಸಿಗಳು ಚಿಪ್ಪಿನ ಮೇಲೆ ಶಾಯಿಯಲ್ಲಿ ಪುಟ್ಟ ಗುರುತು ಹಾಕಿ, ಕಾರ್ಡಿನಲ್ಲಿ ತಾರೀಕು, ಜಾಗ ಬರೆದಿಡುತ್ತಿದ್ದರು. ಪೆರಿಗ್ರಿನ್ ಡೇಗೆ ಎಂಬ ಬೇಟೆ ಹಕ್ಕಿಯ ಗೂಡುಗಳಲ್ಲಿ 1950ರ ದಶಕದಿಂದ ಮೊಟ್ಟೆಗಳು ಒಡೆದುಹೋಗುತ್ತಿದ್ದವು. 1960ರ ದಶಕದಲ್ಲಿ ಬ್ರಿಟನ್ನಿನ ಪಕ್ಷಿತಜ್ಞ ಡೆರೆಕ್ ರಾಟ್‌ಕ್ಲಿಫ್ ಈ ಹಳೆಯ ಸಂಗ್ರಹಗಳ ಚಿಪ್ಪುಗಳನ್ನು ತೂಗಿ, ಅಳೆದು ನೋಡಿದರು. 1940ರ ದಶಕದ ಕೊನೆಯಿಂದ ಚಿಪ್ಪು ಇದ್ದಕ್ಕಿದ್ದಂತೆ ತೆಳುವಾಗಿತ್ತು. ಡಿಡಿಟಿ ಎಂಬ ಕೀಟನಾಶಕದ ಬಳಕೆ ಎಲ್ಲೆಡೆ ಹಬ್ಬಿದ್ದು ಅದೇ ಹೊತ್ತಿಗೆ. ಅವರ ಲೇಖನ ಬಂದದ್ದು 1967ರಲ್ಲಿ. ಅಮೆರಿಕದಲ್ಲೂ ಮ್ಯೂಸಿಯಂ ಮೊಟ್ಟೆಗಳಿಂದ ಇದೇ ಉತ್ತರ ಸಿಕ್ಕಿತು. 1972ರಲ್ಲಿ ಅಲ್ಲಿ ಡಿಡಿಟಿ ನಿಷೇಧವಾಯಿತು. ತಾರೀಕಿನ ಕಾರ್ಡುಗಳು ಕಳೆದುಹೋಗಿದ್ದರೆ ರಾಟ್‌ಕ್ಲಿಫ್ ಮುಂದೆ ಇರುತ್ತಿದ್ದದ್ದು ಬರೀ ದಪ್ಪ ಮತ್ತು ತೆಳು ಚಿಪ್ಪುಗಳು. ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುವವರು ಯಾರು?

ಹಾಗಾದರೆ ಆರ್ಕೈವಿಸ್ಟ್ ದಿನವಿಡೀ ಏನು ಮಾಡುತ್ತಾರೆ?

ಒಬ್ಬ ವಿಜ್ಞಾನಿ ನಿವೃತ್ತರಾಗುತ್ತಾರೆ, ಅಥವಾ ತೀರಿಕೊಳ್ಳುತ್ತಾರೆ. ಅವರ ಕೋಣೆಯ ಕಾಗದವೆಲ್ಲ ಪೆಟ್ಟಿಗೆಗಳಲ್ಲಿ ಬರುತ್ತದೆ. ಯಾರಿಗಾದರೂ ಮೊದಲು ಅನಿಸುವುದು ಇವನ್ನು ವರ್ಷದ ಪ್ರಕಾರವೋ ವಿಷಯದ ಪ್ರಕಾರವೋ ಜೋಡಿಸಿಬಿಡೋಣ ಅಂತ. ಅದನ್ನು ಮಾಡಬಾರದು. ಮೊದಲು ಇದ್ದ ಹಾಗೇ ನೋಡಬೇಕು. ಯಾವ ಪತ್ರ ಯಾವ ಫೈಲಿನಲ್ಲಿತ್ತು, ಯಾವ ಫೋಟೋ ಯಾವ ಪುಟದ ನಡುವೆ ಇತ್ತು ಅನ್ನುವುದೂ ಒಂದು ಮಾಹಿತಿ. ಹಿಂದೆ ಏನೂ ಬರೆಯದ ಒಂದು ಕಪ್ಪೆಯ ಫೋಟೋ ಫೀಲ್ಡ್ ಪುಸ್ತಕದ ನಲವತ್ತನೇ ಪುಟದಲ್ಲಿ ಸಿಕ್ಕಿತು ಅನ್ನಿ. ಆ ಪುಟದ ತಾರೀಕು, ಜಾಗ ಆ ಕಪ್ಪೆಗೂ ಸಲ್ಲುವ ಸಾಧ್ಯತೆ ದೊಡ್ಡದು. ಫೋಟೋಗಳನ್ನೆಲ್ಲ ತೆಗೆದು ಒಂದು ಆಲ್ಬಮ್ಮಿಗೆ ಹಾಕಿದರೆ ಆ ನಂಟು ಹೋಯಿತು. ಮತ್ತೆ ಸಿಗುವುದಿಲ್ಲ.

ಏನನ್ನು ಎಸೆಯಬೇಕು ಅನ್ನುವುದು ಇನ್ನೂ ಕಷ್ಟದ ಪ್ರಶ್ನೆ. ಜಾಗ ಸೀಮಿತ, ಎಲ್ಲವನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ಒಂದೇ ಲೇಖನದ ಹತ್ತು ಪ್ರತಿಗಳಿದ್ದರೆ ಒಂಬತ್ತು ಹೋಗಲಿ. ಆದರೆ ರೈಲು ಟಿಕೆಟ್, ಲಾಡ್ಜಿನ ಬಿಲ್ಲು, ಕೂಲಿ ಕೊಟ್ಟ ಲೆಕ್ಕ? ನೋಡಿದರೆ ಕಸ ಅನಿಸುತ್ತದೆ, ಅಲ್ವಾ? ನಾನು ಇವುಗಳ ಪರ. ಸಂಗ್ರಹಕಾರ ಒಂದು ತಾರೀಕಿನಂದು ಬೆಟ್ಟದ ತುದಿಯಲ್ಲಿದ್ದೆ ಅಂತ ಚೀಟಿಯಲ್ಲಿ ಬರೆದಿರುತ್ತಾರೆ, ಅದೇ ದಿನದ ಬಿಲ್ಲು ದೂರದ ಊರಿನದ್ದಾಗಿರುತ್ತದೆ. ಆಗ ಆ ಚೀಟಿಯನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ಕೂಲಿ ಲೆಕ್ಕದಲ್ಲಿ ಬೇರೆಲ್ಲೂ ಸಿಗದ ಹೆಸರುಗಳು ಇರುತ್ತವೆ.

ಆ ಹೆಸರುಗಳ ವಿಷಯ ಸ್ವಲ್ಪ ಹೇಳಲೇಬೇಕು. ಬ್ರಿಟನ್ನಿನ ನಿಸರ್ಗತಜ್ಞ ಆಲ್ಫ್ರೆಡ್ ರಸೆಲ್ ವಾಲೇಸ್ ಮಲಯ ದ್ವೀಪಗಳಿಂದ 1,25,660 ಮಾದರಿಗಳನ್ನು ಸಂಗ್ರಹಿಸಿದರು ಅಂತ ಅವರೇ ಲೆಕ್ಕ ಕೊಟ್ಟಿದ್ದಾರೆ. ಒಬ್ಬರ ಕೈಯಲ್ಲಿ ಆಗುವ ಕೆಲಸವೇ ಇದು? 1855ರಲ್ಲಿ ಸರವಾಕ್‌ನಲ್ಲಿ ಅವರ ಜೊತೆ ಸೇರಿದ ಅಲಿ ಎಂಬ ಹುಡುಗ ಹಕ್ಕಿ ಹೊಡೆಯುವುದು, ಸುಲಿಯುವುದು ಎಲ್ಲ ಕಲಿತು ವರ್ಷಗಟ್ಟಲೆ ಬಲಗೈಯಾಗಿದ್ದ. 1858ರಲ್ಲಿ ಬಚನ್ ದ್ವೀಪದಲ್ಲಿ ಒಂದು ಹೊಸ ಬರ್ಡ್ ಆಫ್ ಪ್ಯಾರಡೈಸ್ ಹಕ್ಕಿಯನ್ನು ತಂದು ತೋರಿಸಿದ್ದು ಅಲಿ. ಹಕ್ಕಿಗೆ ಬಂದದ್ದು ವಾಲೇಸ್ ಹೆಸರು. ಇದು ನಮಗೆ ಗೊತ್ತಿರುವುದು ವಾಲೇಸ್ ಅಲಿಯನ್ನು ನೆನೆದು ಬರೆದಿದ್ದರಿಂದ. ಹಾಗೆ ಬರೆಯದವರೇ ಜಾಸ್ತಿ. ಅವರ ಸಹಾಯಕರು, ದಾರಿ ತೋರಿಸಿದವರು, ಗಿಡದ ಸ್ಥಳೀಯ ಹೆಸರು ಹೇಳಿದವರು ಚೀಟಿಯಲ್ಲಿ ಎಲ್ಲೂ ಇಲ್ಲ. ಈಗ ಹಲವು ಮ್ಯೂಸಿಯಂಗಳಲ್ಲಿ ಆರ್ಕೈವಿಸ್ಟ್‌ಗಳು ಲೆಕ್ಕಪುಸ್ತಕ, ಪತ್ರಗಳನ್ನು ಸಾಲು ಸಾಲಾಗಿ ಓದಿ ಈ ಹೆಸರುಗಳನ್ನು ಕ್ಯಾಟಲಾಗಿಗೆ ಸೇರಿಸುತ್ತಿದ್ದಾರೆ. ತಡವಾಯಿತು, ಆದರೂ ಆಗಬೇಕಾದ ಕೆಲಸ. ಯಾವ ಹಕ್ಕಿಯನ್ನು ಯಾರು, ಹೇಗೆ ಹಿಡಿದರು ಅನ್ನುವುದು ಮಾದರಿಯ ವಿವರದ ಭಾಗವೇ.

ಇನ್ನು ಕಾಗದದ ಆರೋಗ್ಯ. ಹಳೆಯ ಪತ್ರಗಳಲ್ಲಿ ಹೆಚ್ಚಾಗಿ ಇರುವುದು ಕಬ್ಬಿಣದ ಲವಣ ಮತ್ತು ಓಕ್ ಮರದ ಗಂಟುಗಳಲ್ಲಿ ಸಿಗುವ ಟ್ಯಾನಿನ್ ಎಂಬ ಒಗರು ಪದಾರ್ಥ ಸೇರಿಸಿ ಮಾಡಿದ ಶಾಯಿ. ಬರೆದಾಗ ತಿಳಿಯಾಗಿದ್ದು ಗಾಳಿಗೆ ಕಪ್ಪಾಗುತ್ತದೆ, ನೀರಿಗೆ ಸುಲಭವಾಗಿ ಅಳಿಯುವುದಿಲ್ಲ. ಆದರೆ ಅದರಲ್ಲಿ ಆಮ್ಲವಿದೆ. ನೂರಾರು ವರ್ಷಗಳಲ್ಲಿ ಅದು ಕಾಗದವನ್ನೇ ತಿನ್ನುತ್ತದೆ. ಅಕ್ಷರ ಇದ್ದ ಜಾಗದಲ್ಲಿ ಅಕ್ಷರದ ಆಕಾರದ ತೂತು ಬೀಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಇದು ಬೇಗ ಆಗುತ್ತದೆ. ಅದಕ್ಕೇ ದಾಖಲೆ ಕೋಣೆಯಲ್ಲಿ ತಂಪು ಮತ್ತು ತೇವ ಏರುಪೇರಾಗದಂತೆ ನೋಡಿಕೊಳ್ಳುತ್ತಾರೆ. ಆಮ್ಲವಿಲ್ಲದ ಪೆಟ್ಟಿಗೆ ಬಳಸುತ್ತಾರೆ. ತುಕ್ಕು ಹಿಡಿದ ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯುತ್ತಾರೆ. ಒಳಗೆ ಪೆನ್ನಿಗೆ ಪ್ರವೇಶವಿಲ್ಲ, ಪೆನ್ಸಿಲ್ ಮಾತ್ರ.

ಪ್ರಾಣಿ, ಗಿಡಗಳ ಮ್ಯೂಸಿಯಂ ಆದ್ದರಿಂದ ಇಲ್ಲಿ ಬೇರೆ ಅಪಾಯಗಳೂ ಇವೆ. ಹುಳ ಹಿಡಿಯದಿರಲಿ ಅಂತ ಹಕ್ಕಿ, ಪ್ರಾಣಿಗಳ ಚರ್ಮಕ್ಕೆ ಆರ್ಸೆನಿಕ್ ಬೆರೆಸಿದ ಸಾಬೂನು ಹಚ್ಚುವುದು ಬಹುಕಾಲ ನಡೆದುಬಂದ ಪದ್ಧತಿ. ಒಣಗಿಸಿದ ಗಿಡಗಳ ಹಾಳೆಗಳಿಗೆ ಪಾದರಸದ ಲವಣ ಹಚ್ಚುತ್ತಿದ್ದರು. ಆ ವಿಷ ಚೀಟಿಗೂ, ಪಕ್ಕದ ಕಾಗದಕ್ಕೂ ಅಂಟಿರಬಹುದು. ಹಾಗಾಗಿ ಕೈಗವಸು ಬೇಕು. ಹಳೆಯ ನೈಟ್ರೇಟ್ ಫಿಲ್ಮುಗಳಿಗೆ ಬೆಂಕಿ ಬೇಗ ಹತ್ತುತ್ತದೆ, ಹತ್ತಿದರೆ ನೀರಿನಲ್ಲೂ ಆರುವುದಿಲ್ಲ, ಅವನ್ನು ಬೇರೆಯೇ ಇಡಬೇಕು.

ಮಾದರಿಗಳನ್ನು ನೋಡಿಕೊಳ್ಳುವ ಕ್ಯುರೇಟರ್ ಮತ್ತು ಕಾಗದ ನೋಡಿಕೊಳ್ಳುವ ಆರ್ಕೈವಿಸ್ಟ್ ನಡುವೆ ಮುಗಿಯದ ಒಂದು ಮಾತುಕತೆ ಇದೆ. ಪತ್ರದ ಮಡಿಕೆಯಲ್ಲಿ ಒಣಗಿದ ಎಲೆಯೊಂದು ಸಿಕ್ಕಿತು. ಅದು ಮಾದರಿಯೋ, ದಾಖಲೆಯೋ? ಗಿಡಗಳ ವಿಭಾಗಕ್ಕೆ ಕಳಿಸಿದರೆ ಪತ್ರದಿಂದ ದೂರವಾಗುತ್ತದೆ. ಅಲ್ಲೇ ಬಿಟ್ಟರೆ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲಿಟ್ಟರೂ ಸರಿ, ಒಂದರ ನಂಬರ್ ಇನ್ನೊಂದರ ವಿವರದಲ್ಲಿ ಇರಬೇಕು ಅನ್ನುವುದು ಒಪ್ಪಿತವಾದ ದಾರಿ. ಸರಳ ಅನಿಸುತ್ತದೆ. ಕೋಟಿ ವಸ್ತುಗಳಿಗೆ ಇದನ್ನು ಮಾಡುವುದು ಹಲವು ತಲೆಮಾರುಗಳ ಕೆಲಸ.

2018ರ ಸೆಪ್ಟೆಂಬರ್ 2ರ ರಾತ್ರಿ ರಿಯೋ ಡಿ ಜನೈರೊದ ರಾಷ್ಟ್ರೀಯ ಮ್ಯೂಸಿಯಂಗೆ ಬೆಂಕಿ ಬಿತ್ತು. ಅಲ್ಲಿ ಸುಮಾರು 2 ಕೋಟಿ ವಸ್ತುಗಳಿದ್ದವು, ಬಹುಪಾಲು ಹೋದವು. ಬ್ರೆಜಿಲಿನ ಮೂಲನಿವಾಸಿಗಳ ಭಾಷೆಗಳ ದಾಖಲೆಗಳು, ಧ್ವನಿಮುದ್ರಣಗಳು ಕೂಡ ಬೂದಿಯಾದವು. ಅವುಗಳಲ್ಲಿ ಕೆಲವು ಭಾಷೆಗಳನ್ನು ಈಗ ಆಡುವವರೇ ಇಲ್ಲ. ಆ ಬೆಂಕಿಯ ಆಮೇಲೆ ಸ್ಕ್ಯಾನ್ ಮಾಡುವ ಮಾತು ಎಲ್ಲ ಕಡೆ ಜೋರಾಯಿತು. ಸ್ಕ್ಯಾನ್ ಆಗುವುದು ಒಳ್ಳೆಯದೇ. ಆದರೆ ಸ್ಕ್ಯಾನ್ ಮಾಡಿದ ಪುಟ ಬರೀ ಚಿತ್ರ, ಅದರಲ್ಲಿ ಹುಡುಕಲು ಆಗುವುದಿಲ್ಲ. ಕೈಬರಹವನ್ನು ಯಾರಾದರೂ ಓದಿ ಟೈಪ್ ಮಾಡಬೇಕು. ಸ್ಮಿತ್ಸೋನಿಯನ್, ಆಸ್ಟ್ರೇಲಿಯನ್ ಮ್ಯೂಸಿಯಂ ಮೊದಲಾದವು ಇದಕ್ಕೆ ಸಾರ್ವಜನಿಕರ ನೆರವು ಪಡೆಯುತ್ತಿವೆ. ಸಾವಿರಾರು ಸ್ವಯಂಸೇವಕರು ಮನೆಯಲ್ಲಿ ಕೂತು ಫೀಲ್ಡ್ ಪುಸ್ತಕಗಳ ಸಾಲುಗಳನ್ನು ಬಿಡಿಸಿ ಓದುತ್ತಿದ್ದಾರೆ. ಕಂಪ್ಯೂಟರ್‌ಗಳೂ ಕೈಬರಹ ಓದಲು ಕಲಿಯುತ್ತಿವೆ. ಆದರೂ ಮಳೆಯಲ್ಲಿ ನೆನೆದ ಪುಟದ, ಅರ್ಧಂಬರ್ಧ ಸಂಕ್ಷೇಪಗಳ ಬರಹಕ್ಕೆ ಆ ಜಾಗ, ಆ ಜೀವಿಗಳು ಗೊತ್ತಿರುವ ಮನುಷ್ಯರ ಕಣ್ಣು ಬೇಕೇ ಬೇಕು.

ನನಗೆ ಹಳೆಯ ಕಾಗದಕ್ಕಿಂತ ಹೆಚ್ಚು ಚಿಂತೆ ಇಂದಿನ ವಿಜ್ಞಾನಿಗಳ ದಾಖಲೆಗಳದ್ದು. ಗ್ರಿನ್ನೆಲ್ ಪುಸ್ತಕವನ್ನು ನೂರು ವರ್ಷ ಕಪಾಟಿನಲ್ಲಿಟ್ಟರೂ ತೆರೆದು ಓದಬಹುದು. ಇಪ್ಪತ್ತೈದು ವರ್ಷದ ಹಿಂದಿನ ಫ್ಲಾಪಿಯನ್ನು ಓದುವ ಯಂತ್ರ ಈಗ ಎಷ್ಟು ಜನರ ಬಳಿ ಇದೆ? ಟಿಪ್ಪಣಿಗಳು ಫೋನಿನಲ್ಲಿವೆ. ಪತ್ರವ್ಯವಹಾರ ಇಮೇಲಿನಲ್ಲಿದೆ. ಕೆಲಸ ಬಿಟ್ಟ ಕೂಡಲೇ ಆ ಖಾತೆ ಮುಚ್ಚಿಹೋಗುತ್ತದೆ. ಒಂದೇ ಲೆಕ್ಕದ ಹಾಳೆ ಐದು ಹೆಸರುಗಳಲ್ಲಿ ಐದು ಕಡೆ ಇರುತ್ತದೆ.

ಆದ್ದರಿಂದ ಆರ್ಕೈವಿಸ್ಟ್‌ಗಳು ಈಗ ಪೆಟ್ಟಿಗೆ ಬರಲಿ ಅಂತ ಕಾಯುತ್ತಾ ಕೂರುವ ಹಾಗಿಲ್ಲ. ವಿಜ್ಞಾನಿ ಇನ್ನೂ ಕೆಲಸದಲ್ಲಿರುವಾಗಲೇ ಹೋಗಿ ಮಾತಾಡಬೇಕು. ಯಾವ ಫೈಲು ಕೊನೆಯದು, ಅಂಕಣದ ತಲೆಯಲ್ಲಿರುವ ಆ ಮೂರು ಅಕ್ಷರಗಳ ಅರ್ಥ ಏನು, ಫೋಟೋಗಳಲ್ಲಿನ ಜಾಗ ಯಾವುದು, ಪಾಸ್‌ವರ್ಡ್ ಯಾರ ಬಳಿ ಇದೆ, ಜೊತೆಗೆ ಕಾಡಿಗೆ ಬಂದವರ ಹೆಸರುಗಳೇನು ಅಂತ ಕೇಳಿ ಬರೆದುಕೊಳ್ಳಬೇಕು. ಉತ್ತರ ಹೇಳುವವರು ಇರುವಾಗಲೇ ಕೇಳಬೇಕು.